ಲೇಬರ್ ಕಂಟ್ರಾಕ್ಟಾ, ಮೆಟೀರಿಯಲ್ ಕಂಟ್ರಾಕ್ಟಾ? ಅದಿರಲಿ, ಪ್ಲಿಂತ್ ಎಷ್ಟಡಿ?

30×40 ಸೈಟು, ಮೂರು ವರ್ಷದ ಮಗು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಯುಗಾದಿ ಕಳೆದ ಮೇಲೆ ಗುದ್ದಲಿ ಪೂಜೆ. ಚದರಕ್ಕಿಷ್ಟು (ಒಂದು ಚದರ ಅಂದ್ರೆ ನೂರು ಚದರಡಿ) ಅಂತ ಸಾಮಾನು ಸಮೇತ ಕಂಟ್ರಾಕ್ಟರಿಗೆ ಕೊಡೋದಾ, ಬರೀ ಕೂಲಿ ಮಾತಾಡಿ ಸಿಮೆಂಟು ಕಬ್ಬಿಣ ನಾವೇ ತರೋದಾ ಅಂತ ಕೇಳಿದ್ದೀರಿ. ಓದ್ತಾ ಓದ್ತಾ, 2018ರಲ್ಲಿ ನಾನೇ ಬರೆದು ಮರೆತಿದ್ದೇನೋ ಅನ್ನಿಸ್ತು. ನನ್ನ ಮಗಳಿಗೂ ಆಗ ಮೂರೇ ವರ್ಷ.

ಶಿವಮೊಗ್ಗದ ಅಂಚಿನಲ್ಲಿ, ಹಿಂದೆ ಗದ್ದೆಯಾಗಿದ್ದ ಕಡೆ ಮಾಡಿದ ಲೇಔಟು. ನಮ್ಮ ಸೈಟಿಗೆ ಹೋಗೋ ರಸ್ತೆ ಅಂದ್ರೆ ಕೆಂಪು ಮಣ್ಣು ಹಾಸಿ ರೋಲರ್ ಓಡಿಸಿದ್ದು, ಅಷ್ಟೆ. ಕಂಟ್ರಾಕ್ಟರ್ ಚದರಕ್ಕೆ 1 ಲಕ್ಷ 55 ಸಾವಿರ ಅಂದ, ಮೇಸ್ತ್ರಿ ಬರೀ ಕೂಲಿಗೆ 28 ಸಾವಿರ ಅಂದ. ನಮ್ಮನೆಯವರು ರಾತ್ರಿ ಕೂತು ಲೆಕ್ಕ ಹಾಕಿ, ಸಾಮಾನು ನಾವೇ ತಂದ್ರೆ ಎರಡೂವರೆ ಲಕ್ಷ ಉಳಿಯುತ್ತೆ ಅಂದ್ರು. ಲೇಬರ್ ಕಂಟ್ರಾಕ್ಟೇ ಕೊಟ್ವಿ. ಉಳಿತಾ ಅಂದ್ರೆ, ಒಂದೂ ಕಾಲು ಲಕ್ಷ ಉಳಿದಿರಬಹುದು. ಬೆಳಿಗ್ಗೆ ಆರೂವರೆಗೆ ಸಿಮೆಂಟ್ ಚೀಲ ಎಣಿಸೋದು, ಮಧ್ಯಾಹ್ನ ಆಫೀಸಿನಿಂದ ಜಲ್ಲಿಯವನಿಗೆ ಫೋನು, ಸಂಜೆ ಮಗಳನ್ನ ಸೊಂಟದ ಮೇಲಿಟ್ಟುಕೊಂಡು ಗೋಡೆಗೆ ನೀರು ಹೊಡೆಯೋದು. ಆ ವರ್ಷ ನಾವಿಬ್ಬರೂ ಮಾತಾಡಿದ್ದಕ್ಕಿಂತ ಜಗಳ ಆಡಿದ್ದೇ ಜಾಸ್ತಿ. ನಿಮ್ಮ ಪ್ರಶ್ನೆಗೆ ಇದರಿಂದ ಎಷ್ಟು ಉತ್ತರ ಸಿಗುತ್ತೋ ಅಷ್ಟು ತಗೊಳ್ಳಿ. ನಮಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಇದಲ್ಲ, ಪ್ಲಿಂತ್, ಅಂದ್ರೆ ಹೊರಗಿನ ನೆಲಮಟ್ಟದಿಂದ ಮನೆ ಎಷ್ಟು ಮೇಲಿದೆ ಅನ್ನೋ ಎತ್ತರ.

ಅಡುಗೆಮನೆ ಆಗ್ನೇಯದಲ್ಲಿ ಬರಬೇಕು ಅಂತ ಮೂರು ವಾರ ಚರ್ಚೆ ಮಾಡಿದ್ವಿ. ಟಾಯ್ಲೆಟ್ ಯಾವ ಮೂಲೆಗೆ ಅಂತ ಎರಡು ಸಲ ಪ್ಲಾನ್ ಬದಲಾಯಿಸಿದ್ವಿ. ಮುಂಬಾಗಿಲಿಗೆ ತೇಗ ಹುಡುಕೋಕೆ ತೀರ್ಥಹಳ್ಳಿವರೆಗೆ ಹೋಗಿ ಬಂದ್ವಿ. ಮನೆ ನೆಲದಿಂದ ಎಷ್ಟು ಎತ್ತರದಲ್ಲಿ ಇರಬೇಕು ಅನ್ನೋದನ್ನ ಮಾತ್ರ ಒಂದು ಟೀ ಕುಡಿಯೋ ಹೊತ್ತಿನಲ್ಲಿ ತೀರ್ಮಾನ ಮಾಡಿದ್ವಿ.

ಎಂಜಿನಿಯರ್ ಡ್ರಾಯಿಂಗಿನಲ್ಲಿ ಪ್ಲಿಂತ್ ಮೂರಡಿ ಅಂತ ಬರೆದಿತ್ತು. ಸೈಜುಗಲ್ಲು ಕಟ್ಟಡ ನೆಲದ ಮೇಲೆ ಒಂದೂವರೆ ಅಡಿ ಬಂದಿದ್ದಾಗ ಮೇಸ್ತ್ರಿ ಕೇಳಿದ, "ಅಕ್ಕ, ಇನ್ನೂ ಎರಡು ವರಸೆ ಕಲ್ಲು ಏರಿಸಬೇಕು, ಒಳಗೆ ತುಂಬಿಸೋಕೆ ಹದಿನೈದು ಹದಿನಾರು ಟ್ರ್ಯಾಕ್ಟರ್ ಮಣ್ಣು ಬೇಕು. ಏರಿಸ್ಲಾ, ಇಲ್ಲಿಗೇ ನಿಲ್ಲಿಸಿ ಕಲ್ಲಿನ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕ್ಲಾ?" ಕಲ್ಲು, ಮಣ್ಣು, ಕೂಲಿ ಸೇರಿ 70 ಸಾವಿರದ ಹತ್ತಿರ. ಬ್ಯಾಂಕಿನವರ ಮುಂದಿನ ಕಂತು ಇನ್ನೂ ಬಂದಿರಲಿಲ್ಲ. ಅತ್ತೆಗೆ ಮೊಣಕಾಲು ನೋವು, "ಮೂರು ಮೆಟ್ಟಿಲಿದ್ರೆ ಸಾಕಪ್ಪ, ಆರು ಮೆಟ್ಟಿಲು ಹತ್ತೋ ಕಾಲಾನಾ ಇದು" ಅಂದ್ರು. ನಮ್ಮನೆಯವರಿಗೆ ಕಾರು ಸಲೀಸಾಗಿ ಒಳಗೆ ಬರಬೇಕಿತ್ತು. ನಾನು? ನಾನು "ಸಾಕು ಬಿಡಿ" ಅಂದೆ. ಯಾರೂ ಮೋಸ ಮಾಡ್ಲಿಲ್ಲ, ಯಾರೂ ಕುಡಿದು ಕೆಲಸ ಮಾಡ್ಲಿಲ್ಲ. ಎಲ್ಲರೂ ಒಳ್ಳೆಯ ಕಾರಣಕ್ಕೇ ತಪ್ಪು ಮಾಡಿದ್ವಿ.

ಇನ್ನೊಂದು ವಿಷಯ. ಒಂದೂವರೆ ಅಡಿ ಅನ್ನೋದು ನಿಯಮಕ್ಕಿಂತ ಕಡಿಮೆ ಎತ್ತರವೇನಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಸುತ್ತಲಿನ ನೆಲಮಟ್ಟದಿಂದ ಕನಿಷ್ಠ 450 ಮಿಲಿಮೀಟರ್ ಅನ್ನುತ್ತೆ, ನಮ್ಮದು ಸರಿಯಾಗಿ ಅಷ್ಟೇ ಇತ್ತು. ಆದ್ರೆ ಎಲ್ಲಿಂದ ಅಳೆದ್ವಿ? ಸೈಟಿನ ಮಣ್ಣಿನಿಂದ. ಸೈಟಿನ ಮಣ್ಣು ಇದ್ದಲ್ಲೇ ಇರುತ್ತೆ. ರಸ್ತೆ ಇರಲ್ಲ, ಅದು ಬೆಳೆಯುತ್ತೆ.

2019ರ ಮೇನಲ್ಲಿ, ಅಕ್ಷಯ ತದಿಗೆ ದಿನ ಗೃಹಪ್ರವೇಶ ಆಯ್ತು. ಆಗಸ್ಟಿನಲ್ಲಿ ಆಶ್ಲೇಷ ಮಳೆ ಹುಯ್ದಿದ್ದು ನಿಮಗೂ ನೆನಪಿರಬೇಕು, ತುಂಗೆ ಉಕ್ಕಿ ಊರಿನ ತಗ್ಗು ಬಡಾವಣೆಗಳಿಗೆಲ್ಲ ನುಗ್ಗಿದ್ಲು. ನಮ್ಮ ಮನೆಯಲ್ಲಿ ನೀರು ಮೊದಲನೇ ಮೆಟ್ಟಿಲಿಗೆ ಬಂದು ನಿಂತು ಹಾಗೇ ಇಳೀತು. ಎರಡು ಮೆಟ್ಟಿಲು ಬಾಕಿ! ಅಂಥ ಮಳೆಗೇ ಏನೂ ಆಗ್ಲಿಲ್ಲ ಅಂತ ನಾನು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಮೂರಡಿ ಅಂತ ಬರೆದ ಎಂಜಿನಿಯರನ್ನ ಸುಮ್ಮನೆ ಖರ್ಚು ಮಾಡಿಸೋನು ಅಂತ ಆಡಿಕೊಂಡಿದ್ದೂ ಉಂಟು.

ಆಮೇಲೆ ರಸ್ತೆಗೆ ಜಲ್ಲಿ ಬಿತ್ತು, ಮೇಲೆ ಡಾಂಬರು. ಏಳು ಇಂಚು. ನಾವೇ ನಿಂತು ಫೋಟೋ ತೆಗೆದ್ವಿ, ಧೂಳು ತಪ್ಪಿತು ಅಂತ. ಅದನ್ನೇ ಅಗೆದು ಒಳಚರಂಡಿ ಪೈಪು ಹಾಕಿದ್ರು. ಅಗೆದಿದ್ದನ್ನ ಮುಚ್ಚಿ, ಅದರ ಮೇಲೆ ಕಾಂಕ್ರೀಟ್ ರಸ್ತೆ ಮಾಡಿದ್ರು. ಒಟ್ಟು ಹದಿನೈದು ಇಂಚು. ಮನೆಯ ಮೂರು ಮೆಟ್ಟಿಲಲ್ಲಿ ಎರಡೂವರೆಯನ್ನ ರಸ್ತೆ ನುಂಗಿತ್ತು. ಕಾಂಪೌಂಡಿನ ಒಳಗಿನ ಜಾಗ ಮಾತ್ರ ಹಳೇ ಮಟ್ಟದಲ್ಲೇ ಉಳಿದು ಬಾಣಲೆ ಥರ ಆಯ್ತು. ಇಷ್ಟೆಲ್ಲ ಕಣ್ಣೆದುರಿಗೇ ಆಗ್ತಿದ್ರೂ ನನಗೆ ಹೊಳೀಲಿಲ್ಲ ಅಂದ್ರೆ ನಂಬ್ತೀರಾ? ಇಂಚಿಂಚೇ ಏರೋದು ದಿನಾ ನೋಡೋರಿಗೆ ಕಾಣಲ್ಲ.

2022ರ ಮೇ, ಕೃತ್ತಿಕಾ ಮಳೆ. ರಾತ್ರಿ ಎರಡು ಗಂಟೆಗೆ ಹಿಂದಿನ ಬಾತ್‌ರೂಮಿನಿಂದ ಗುಳುಗುಳು ಸದ್ದು. ನೀರು ಮುಂಬಾಗಿಲಿನಿಂದ ಬರುತ್ತೆ ಅಂತ ನಾನು ಹೊಸ್ತಿಲಿಗೆ ಗೋಣಿಚೀಲ ಒತ್ತುತ್ತಾ ಇದ್ದೆ, ಅದು ಹಿಂದಿನಿಂದ ಬಂತು. ಬಂದಿದ್ದು ಮಳೆ ನೀರಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

ಯಾಕೆ ಅಂತ ಸ್ವಲ್ಪ ಉದ್ದವಾಗಿ ಹೇಳ್ತೀನಿ, ಬೇಜಾರಾಗಬೇಡಿ, ಇದನ್ನ ನನಗೆ ಮೊದಲೇ ಯಾರೂ ಹೇಳ್ಲಿಲ್ಲ. ನಾಲ್ಕು ಇಂಚಿನ ಪೈಪಿನಲ್ಲಿ ಕೊಳಚೆ ಸರಿಯಾಗಿ ಹರೀಬೇಕಾದ್ರೆ ಸುಮಾರು ನಲವತ್ತಡಿಗೆ ಒಂದಡಿ ಇಳಿಜಾರು ಬೇಕು. ಸೈಟಿನ ಹಿಂದಿನ ಮೂಲೆಯಿಂದ ರಸ್ತೆಗೆ ನಲವತ್ತಡಿ, ಅಲ್ಲಿಗೇ ಒಂದಡಿ ಹೋಯ್ತು. ಬಾತ್‌ರೂಮ್ ನೆಲದ ಕೆಳಗೆ ಟ್ರ್ಯಾಪು, ಬೆಂಡು ಅಂತ ಇನ್ನೊಂದಡಿ. ಮನೆ ತಗ್ಗಿದ್ರೆ ಪೈಪು ಮನೆ ಬಿಡುವಾಗಲೇ ಪಾತಾಳದಲ್ಲಿರುತ್ತೆ. ಮಾಮೂಲಿ ದಿನ ಪರವಾಗಿಲ್ಲ, ರಸ್ತೆಯ ಚೇಂಬರು ಆಳವಾಗಿರೋದ್ರಿಂದ ಹರಿದು ಹೋಗುತ್ತೆ. ಜೋರು ಮಳೆಗೆ ಮೇನ್ ಲೈನ್ ತುಂಬಿದಾಗ ಮಾತ್ರ ನೀರು ಮ್ಯಾನ್‌ಹೋಲ್ ಮುಚ್ಚಳದವರೆಗೂ ಏರುತ್ತೆ. ಅಷ್ಟು ಎತ್ತರಕ್ಕಿಂತ ತಗ್ಗಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಹೊರಗೆ ಬರುತ್ತೆ. ಮುಚ್ಚಳ ಹೊಸ ರಸ್ತೆಯ ಮಟ್ಟದಲ್ಲಿ, ಅಂದ್ರೆ ಹಳೇ ನೆಲದಿಂದ ಹದಿನೈದು ಇಂಚು ಮೇಲೆ. ನಮ್ಮ ಬಾತ್‌ರೂಮ್ ನೆಲ ಹದಿನಾರು. ಒಂದೇ ಇಂಚಿನ ವ್ಯತ್ಯಾಸ, ಮುಚ್ಚಳದ ಮೇಲೆ ಸ್ವಲ್ಪ ನೀರು ನಿಂತ್ರೂ ಅದು ಮುಗೀತು, ಅದೂ ನಾವು ಕೊನೆಯ ಮನೆ, ಬೀದಿಯ ನೀರೆಲ್ಲ ಒತ್ತೋದು ನಮ್ಮ ಕಡೆಗೇ. ಪ್ಲಿಂತ್ ಮೂರಡಿ ಇದ್ದಿದ್ರೆ ಆ ರಾತ್ರಿ ನಾನು ಮಲಗಿ ನಿದ್ದೆ ಮಾಡ್ತಿದ್ದೆ.

ಮನೆ ಮುಂದಿನ ಅಂಗಳದ ಸಂಪು ಕೂಡ ಕೆಟ್ಟುಹೋಯ್ತು. ವಾಸ್ತು ಪ್ರಕಾರ ಈಶಾನ್ಯ ತಗ್ಗಾಗಿರಬೇಕಂತೆ, ಸಂಪು ಅಲ್ಲೇ ಇರಬೇಕಂತೆ. ತಗ್ಗಾಗಿಯೇ ಇತ್ತು, ರಸ್ತೆಯ ನೀರೂ ದಾರಿ ಕೇಳದೆ ನೇರ ಅಲ್ಲಿಗೇ ಬಂತು.

ಜಾಕ್ ಇಟ್ಟು ಇಡೀ ಮನೆಯನ್ನೇ ಎತ್ತೋರನ್ನ ಕರೆಸಿ ಕೇಳಿದ್ವಿ, ಅವರು ಹೇಳಿದ ರೇಟಿಗೇ ಎದೆ ಝಲ್ ಅಂತು. ಕೊನೆಗೆ 2023ರಲ್ಲಿ ಒಳಗಿನ ನೆಲವನ್ನೇ ಒಂದಡಿ ಏರಿಸಿದ್ವಿ. ಎರಡೂವರೆ ತಿಂಗಳು ಮತ್ತೆ ಬಾಡಿಗೆ ಮನೆ, ಜೊತೆಗೆ ಇಎಂಐ. 4 ಲಕ್ಷ 80 ಸಾವಿರ ಖರ್ಚು. ಏಳಡಿ ಬಾಗಿಲು ಆರಡಿ ಆಯ್ತು, ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರ್ತಾರೆ. ಅಡುಗೆ ಕಟ್ಟೆ ಒಡೆದು ಹೊಸದಾಗಿ ಕಟ್ಟಿಸಿದ್ವಿ. ಫ್ಯಾನ್ ಕೈಗೆ ಸಿಗುವಷ್ಟು ಕೆಳಗೆ ಬಂದಿದೆ, ಚಿಕ್ಕ ಮಗನನ್ನ ಅವರಪ್ಪ ಎತ್ತಿ ಆಡಿಸೋ ಹಾಗಿಲ್ಲ. ಬಾಗಿಲು ಇಡೋ ದಿನ ನವರತ್ನ, ಪಂಚಲೋಹ ಹಾಕಿ ಪೂಜೆ ಮಾಡಿದ್ದ ಹೊಸ್ತಿಲು ಕಾಂಕ್ರೀಟಿನ ಅಡಿಗೆ ಹೋಯ್ತು. ಕಾಂಕ್ರೀಟ್ ಹಾಕೋ ದಿನ ಅತ್ತೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಹೋದವರು ಸಂಜೆವರೆಗೆ ಹೊರಗೆ ಬರಲಿಲ್ಲ. ಈಗ ಅಂಗಳದಿಂದ ಐದು ಮೆಟ್ಟಿಲು. ಪಕ್ಕದಲ್ಲಿ 9 ಸಾವಿರದ ಒಂದು ಸ್ಟೀಲ್ ರೇಲಿಂಗ್ ಹಾಕಿಸಿದ್ದೀವಿ, ಅತ್ತೆ ಅದನ್ನ ಹಿಡ್ಕೊಂಡು ಆರಾಮಾಗಿ ಹತ್ತುತ್ತಾರೆ. ಇದು 2018ರಲ್ಲೇ ಹೊಳೆದಿದ್ರೆ.

ಈಗ ನಿಮ್ಮ ಪ್ರಶ್ನೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ಸೈಟಿನಲ್ಲಿ ನಿಲ್ಲೋಕೆ ಪುರುಸೊತ್ತಿರೋ ಹಿರಿಯರು ಯಾರೂ ಇಲ್ಲದಿದ್ರೆ ಲೇಬರ್ ಕಂಟ್ರಾಕ್ಟ್ ಬೇಡ. ಆದ್ರೆ ಪೂರ್ತಿ ಮನೆಯನ್ನ ಒಬ್ಬನಿಗೇ ಒಪ್ಪಿಸೋದೂ ಬೇಡ. ಪಾಯದಿಂದ ಪ್ಲಿಂತ್‌ವರೆಗೆ ನೀವೇ ನಿಂತು ಮಾಡಿಸಿ, ಅಲ್ಲಿಂದ ಮೇಲಕ್ಕೆ ಕಂಟ್ರಾಕ್ಟರಿಗೆ ಕೊಡಿ. ಹೀಗೆ ಯಾರೂ ಒಪ್ಪಲ್ಲ ಅಂತಾರೆ, ಹುಡುಕಿದ್ರೆ ಒಪ್ಪೋರು ಸಿಕ್ತಾರೆ. ಚದರದ ಲೆಕ್ಕದಲ್ಲಿ ಕೆಲಸ ಹಿಡಿದವನಿಗೆ ಮಣ್ಣು ತುಂಬೋದ್ರಲ್ಲಿ ಏನೂ ಗಿಟ್ಟಲ್ಲ, ಅವನು ಆ ಎತ್ತರವನ್ನ ಕದ್ದೇ ಕದೀತಾನೆ. ಅರ್ಧ ಅಡಿ ಮಣ್ಣು, ಮೇಲೆ ನೀರು, ದಿಮ್ಮಸು, ಮತ್ತೆ ಅರ್ಧ ಅಡಿ, ಹೀಗೆ ತುಂಬಿಸಿ. ಒಂದೇ ಸಲ ಸುರಿದು ಟೈಲ್ಸ್ ಹಾಕಿದ್ರೆ ಎರಡು ವರ್ಷಕ್ಕೆ ನೆಲ ಕೂರುತ್ತೆ. ಒಳಚರಂಡಿ ಲೈನಿಗೆ ಮನೆ ಬಿಡೋ ಜಾಗದಲ್ಲಿ ಹೊರಗಿನ ನೀರು ವಾಪಸ್ ಒಳಗೆ ಬರದ ಹಾಗೆ ತಡೆಯೋ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ, ನಾವು ಹಾಕಿಸಿದ್ದು ಎಲ್ಲ ಮುಗಿದ ಮೇಲೆ.

ಯುಗಾದಿಗೆ ಗುದ್ದಲಿ ಪೂಜೆ ಅನ್ನೋದನ್ನೂ ನಾನು ಒಪ್ಪಲ್ಲ. ಬ್ಯಾಂಕಿನವರು ಕಾಯ್ತಾರೆ, ಬಾಡಿಗೆ ಇನ್ನೊಂದು ಆರು ತಿಂಗಳು ಕಟ್ಟಿದ್ರೆ ನೀವೇನೂ ಬೀದಿಗೆ ಬರಲ್ಲ. ಈ ಸಲದ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಕೊಡೆ ಹಿಡ್ಕೊಂಡು ಸೈಟಿಗೆ ಹೋಗಿ ನಿಲ್ಲಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತಿಗೆ ಇಂಗುತ್ತೆ ನೋಡಿ. ದಸರಾ ಕಳೆದ ಮೇಲೆ ಪಾಯ ತೆಗೀರಿ.

ಎತ್ತರ ಅಳೆಯೋವಾಗ ಸೈಟಿನ ಮಣ್ಣಿಗೆ ಟೇಪು ಹಿಡೀಬೇಡಿ. ಮೇಸ್ತ್ರಿ ಹತ್ರ ನೀರು ತುಂಬಿದ ಟ್ಯೂಬ್ ಲೆವೆಲ್ ಇರುತ್ತೆ, ಅದನ್ನ ತಗೊಂಡು ಹತ್ತಿರದಲ್ಲಿ ಪೂರ್ತಿ ಮುಗಿದಿರೋ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯ ನಡುಮಧ್ಯದಿಂದ ನಿಮ್ಮ ಸೈಟಿಗೆ ಮಟ್ಟ ತನ್ನಿ. ನಿಮ್ಮ ಮುಂದಿನ ರಸ್ತೆ ಇನ್ನೂ ಮಣ್ಣಿನದ್ದಾಗಿದ್ರೆ, ಅದು ಒಂದೂವರೆ ಅಡಿ ಏರುತ್ತೆ ಅಂತಲೇ ಇಟ್ಟುಕೊಳ್ಳಿ. ಅದರ ಮೇಲೆ ಒಂದೂವರೆ ಅಡಿ ನಿಮ್ಮದು. ನಮ್ಮ ಎಂಜಿನಿಯರ್ ಬರೆದಿದ್ದ ಮೂರಡಿ ಬಂದಿದ್ದೂ ಇದೇ ಲೆಕ್ಕದಿಂದ ಇರಬೇಕು, ನಾವು ಕೇಳಲೇ ಇಲ್ಲ.

ಸೈಟಿನ ಮುಂದಿನ ರಸ್ತೆ ಮಣ್ಣಿನದಾ ಡಾಂಬರಿನದಾ, ಚರಂಡಿ ಯಾವ ಕಡೆಗೆ ಇಳಿಯುತ್ತೆ, ಬೀದಿಯಲ್ಲಿ ನಿಮ್ಮದು ಎಷ್ಟನೇ ಸೈಟು, ಇಷ್ಟು ಬರೀರಿ. ಚದರಕ್ಕೆಷ್ಟು ಅನ್ನೋದನ್ನ ಆಮೇಲೆ ಮಾತಾಡೋಣ.