ಹಳೆ ಕ್ಯಾಸೆಟ್ಟಿನ ಹಾಡು ಮತ್ತೆ ಹಾಡಿದರೆ ನನ್ನದಾಗುತ್ತಾ?

ಪ್ರಶ್ನೆ: ಸರ್, 2003ರಲ್ಲಿ ನಾನು ಹಾಡಿದ ಕ್ಯಾಸೆಟ್ ಒಂದು ಬಂದಿತ್ತು. ಎಂಟು ಹಾಡು. ಐದಕ್ಕೆ ಸಾಹಿತ್ಯ, ರಾಗ ಎರಡೂ ನನ್ನದೇ. ಒಂದನ್ನು ನಮ್ಮೂರ ಮೇಷ್ಟ್ರು ಬರೆದುಕೊಟ್ಟಿದ್ದರು, ಈಗ ಅವರಿಲ್ಲ. ಉಳಿದೆರಡು ನಮ್ಮ ಕೊಡಗಿನ ಸುಗ್ಗಿ ಹಬ್ಬದ ಹುತ್ತರಿ ಹಾಡು. ಖರ್ಚು ಹಾಕಿದ್ದು ಒಬ್ಬ ಅಂಗಡಿಯವರು. ನನಗೆ 6,000 ರೂಪಾಯಿ ಕೊಟ್ಟು, 'ಕ್ಯಾಸೆಟ್ ಬಾಬ್ತು ಹಣ ಸಂದಿದೆ' ಎಂಬ ಹಾಳೆಗೆ ಸಹಿ ಹಾಕಿಸಿಕೊಂಡರು. ಈಗ ಅವರ ಮಗ ಅದನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದಾರೆ. ನಾನು ಹಾಕಿದರೆ ಕಾಪಿರೈಟ್ ಅಂತ ತಡೆ ಬರುತ್ತೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಥರ ಎಲ್ಲ ಮತ್ತೆ ಹಾಡಿ ಅಂತಾಳೆ ಮಗಳು. ಆಗುತ್ತಾ? ಮೂರನೇ ಹಾಡಿನ ಕೊನೆಗೆ ಕೇಳುವ ಮಳೆ ಸದ್ದು ಜನಕ್ಕೆ ತುಂಬ ಇಷ್ಟ. ಅದನ್ನಾದರೂ ಹಳೆ ಟೇಪಿನಿಂದ ತೆಗೆದುಕೊಳ್ಳಬಹುದಾ?
– ವಿರಾಜಪೇಟೆ ಕಡೆಯ ಓದುಗರು

ಉತ್ತರ: ಆಗುತ್ತೆ. ಮಗಳಿಗೆ ವಿಷಯ ಗೊತ್ತಿದೆ.

ಹಾಡು ಬೇರೆ, ಅದರ ರೆಕಾರ್ಡಿಂಗ್ ಬೇರೆ. ನಮ್ಮ ಕಾನೂನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹಕ್ಕು. ರೆಕಾರ್ಡಿಂಗ್ ಮಾಡಿಸುವ ಹೊಣೆ ಹೊತ್ತವರೇ ಅದರ ಮೊದಲ ಒಡೆಯರು. ನಿಮ್ಮ ವಿಷಯದಲ್ಲಿ ಅದು ಅಂಗಡಿಯವರು, ಈಗ ಅವರ ಮಗ. ಈ ಹಕ್ಕು 60 ವರ್ಷದ್ದು. 2003ರ ಕ್ಯಾಸೆಟ್ ಅಂದರೆ 2063ರ ಕೊನೆಯವರೆಗೆ. ಅದಕ್ಕೇ ನಿಮಗೆ ತಡೆ ಬರುತ್ತಿರುವುದು. ಹಾಡಿದ ಗಂಟಲು ನಿಮ್ಮದೇ ಆದರೂ ಹಳೆ ಟೇಪನ್ನು ಹಾಕುವುದು ನಿಲ್ಲಿಸಿ.

ಆದರೆ ಸಾಹಿತ್ಯ, ರಾಗ ಕೈಬಿಟ್ಟಿವೆಯಾ? ನೀವು ಹೇಳಿದ ಹಾಳೆ ಬರೀ ರಸೀತಿ. ಹಕ್ಕು ಬಿಟ್ಟುಕೊಡಬೇಕಾದರೆ ಯಾವ ಹಾಡು, ಯಾವ ಹಕ್ಕು ಅಂತ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಬೇರೆ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ, ಟ್ರಂಕು ತೆಗೆದು ಒಮ್ಮೆ ನೋಡಿ. ಇದ್ದರೂ, ಅದರಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲವಾದರೆ ಕಾನೂನು ಅದನ್ನು ಐದೇ ವರ್ಷ ಅಂತ ಲೆಕ್ಕ ಹಿಡಿಯುತ್ತೆ. ವರ್ಷ ಬರೆದಿದ್ದರೆ, ಇಲ್ಲವೇ 'ಮತ್ತೆ ಹಾಡುವಂತಿಲ್ಲ' ಎಂಬ ಮಾತಿದ್ದರೆ ವಕೀಲರಿಗೆ ತೋರಿಸಿ. ಇಲ್ಲವಾದರೆ ನಿಮ್ಮ ಐದು ಹಾಡು ಧಾರಾಳವಾಗಿ ಹಾಡಿ.

ಮೇಷ್ಟ್ರ ಸಾಹಿತ್ಯದ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಮನೆಯವರದ್ದು. ಹೋಗಿ ಒಂದು ಪತ್ರ ಬರೆಸಿಕೊಳ್ಳಿ. ಗುರುತಿನವರಲ್ವಾ ಅಂತ ಬಾಯಿಮಾತಿಗೆ ಬಿಡಬೇಡಿ. ಹುತ್ತರಿ ಹಾಡುಗಳ ಚಿಂತೆ ಬೇಡ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಕೊಡವ ಹಾಡುಗಳ ಸಂಗ್ರಹದಲ್ಲಿ ಅಚ್ಚು ಹಾಕಿಸುವ ಎಷ್ಟೋ ಮೊದಲೇ ಊರ ಬಾಯಲ್ಲಿದ್ದಂಥವು. ಕೀಬೋರ್ಡಿನವರು ನಡುನಡುವೆ ಸ್ವಂತದ್ದೇನಾದರೂ ಸೇರಿಸಿದ್ದರೆ ಅದನ್ನು ಬಿಟ್ಟು ಹೊಸದು ಮಾಡಿಸಿ.

ಈ ಸಲ ಸ್ಟುಡಿಯೋ ಬಿಲ್ ನಿಮ್ಮ ಹೆಸರಿಗೇ ಇರಲಿ. ದುಡಿ ಬಾರಿಸುವವರಿಗೂ ದುಡ್ಡು ಕೊಟ್ಟು ಕಾಗದ ಮಾಡಿಕೊಳ್ಳಿ. ಆಗ ರೆಕಾರ್ಡಿಂಗಿನ ಒಡೆಯರೂ ನೀವೇ. ಹಳೆ ಕ್ಯಾಸೆಟ್ಟಿನ ಮುಖಚಿತ್ರ ಬೇಡ. ಹೊಸದಕ್ಕೂ ಯೂಟ್ಯೂಬಿನ ಯಂತ್ರ ರಾಗ ಹೋಲುತ್ತೆ ಅಂತ ತಡೆ ಹಾಕಬಹುದು. ಆಗ ಈ ಕಾಗದಗಳನ್ನು ಇಟ್ಟುಕೊಂಡು ತಕರಾರು ಸಲ್ಲಿಸಿ.

ಒಂದು ವಿಷಯ ಮಗಳಿಗೆ ಹೇಳಿ. ಸ್ವಿಫ್ಟ್ ಅವರ ಮೊದಲ ಆರು ಆಲ್ಬಂಗಳ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗುಗಳು, 2019ರಲ್ಲಿ ಬೇರೆಯವರ ಪಾಲಾದವು. 2021ರಿಂದ 2023ರೊಳಗೆ ಅವರು ನಾಲ್ಕನ್ನು ಮತ್ತೆ ಹಾಡಿ ಬಿಡುಗಡೆ ಮಾಡಿದರು. ಅಷ್ಟಕ್ಕೇ ಹಳೆಯವು ವಾಪಸ್ ಬರಲಿಲ್ಲ. 2025ರ ಮೇನಲ್ಲಿ ದುಡ್ಡು ಕೊಟ್ಟೇ ಕೊಂಡುಕೊಂಡರು. ಅಂಗಡಿಯವರ ಮಗನನ್ನು ನೀವೂ ಒಮ್ಮೆ ಕೇಳಿ ನೋಡಿ. ನಿಮ್ಮ ಸಾಹಿತ್ಯ, ರಾಗದಿಂದ ಯೂಟ್ಯೂಬಿನಲ್ಲಿ ಹಣ ಬರುತ್ತಿದ್ದರೆ ಪಾಲು ಕೇಳುವುದಕ್ಕೂ ನಿಮಗೆ ದಾರಿಯಿದೆ. ಆ ಮಾತಿನ ಜೊತೆಗೇ ಟೇಪಿನ ರೇಟೂ ಕೇಳಿ. ಕಡಿಮೆಗೆ ಕೊಟ್ಟರೂ ಕೊಟ್ಟಾರು.

ಇನ್ನು ಆ ಮಳೆ ಸದ್ದು. ಅದೂ ಅವರ ರೆಕಾರ್ಡಿಂಗಿನದೇ, ಕತ್ತರಿಸಿ ಹಾಕಿಕೊಳ್ಳಬೇಡಿ. ಜುಲೈ ಬರಲಿ, ಶೀಟಿನ ಮಾಡಿನ ಕೆಳಗೆ ಮೊಬೈಲ್ ಹಿಡಿದು ನಿಂತರೆ ಬೇಕಾದಷ್ಟು ಸಿಗುತ್ತೆ.