ಹೆರಿಗೆ ಕೇಂದ್ರದಲ್ಲಿ ಕಲಿಯುವವರ ದಿನ ಹೇಗಿರುತ್ತೆ?

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಯಾದಗಿರಿಯಲ್ಲಿ ನರ್ಸ್ ಆಗಿದ್ದೇನೆ. ಈಗ 18 ತಿಂಗಳ ಮಿಡ್‌ವೈಫರಿ (ಹೆರಿಗೆ ಮಾಡಿಸುವ) ತರಬೇತಿಗೆ ಸೇರುವ ಯೋಚನೆ ಇದೆ. ಅಲ್ಲಿ ದಿನ ಹೇಗಿರುತ್ತೆ? ಹೆರಿಗೆ ಮಾಡಿಸೋಕೆ ಯಾವಾಗ ಬಿಡ್ತಾರೆ? ರಾತ್ರಿ ಪಾಳಿ ಅಂದ್ರೆ ಅಮ್ಮನಿಗೆ ಭಯ. — ಓದುಗಿ, ಶಹಾಪುರ

ಉತ್ತರ (ಮಿಡ್‌ವೈಫರಿ ಬೋಧಕಿ, ಕಲಬುರಗಿ): ಮೊದಲೇ ಹೇಳಿಬಿಡ್ತೀನಿ, ನಿಮ್ಮ ಹೆಚ್ಚಿನ ಹೊತ್ತು ಬ್ಯಾನಿ (ಹೆರಿಗೆ ನೋವು) ತಿನ್ನುತ್ತಿರುವ ಹೆಣ್ಣುಮಗಳ ಪಕ್ಕದಲ್ಲಿ ಕೂತು ನೋಡುವುದರಲ್ಲೇ ಹೋಗುತ್ತೆ. ಸುಮ್ನೆ ಕೂರುವುದಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷದಲ್ಲಿ ಎಷ್ಟು ಸಲ ಬ್ಯಾನಿ ಬಂತು, ಎಷ್ಟು ಹೊತ್ತು ಇತ್ತು ಅಂತ ಎಣಿಸಬೇಕು. ಬ್ಯಾನಿ ಬಿರುಸಾದ ಮೇಲೆ ಅರ್ಧ ಗಂಟೆಗೊಮ್ಮೆಯಾದರೂ ಮಗುವಿನ ಎದೆಬಡಿತ ಕೇಳಬೇಕು, ಮುಕ್ಕುವ (ಮಗುವನ್ನು ಹೊರಗೆ ತಳ್ಳುವ) ಹೊತ್ತಿಗೆ ಐದು ನಿಮಿಷಕ್ಕೊಮ್ಮೆ. ಅದು ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು. ಕೇಳಿದ್ದನ್ನೆಲ್ಲ ಆಗಿಂದಾಗ ಚಾರ್ಟಿನಲ್ಲಿ ಬರೆಯಬೇಕು. ಆಮೇಲೆ ನೆನಪಿನಿಂದ ತುಂಬಿದ ಚಾರ್ಟನ್ನು ನಾನಂತೂ ಒಪ್ಪುವುದಿಲ್ಲ.

ಬೆಳಗ್ಗೆ ಪಾಳಿ ಬದಲಾಗುವಾಗ ರಾತ್ರಿಯವರು ಒಬ್ಬೊಬ್ಬರ ವಿಷಯ ಒಪ್ಪಿಸುತ್ತಾರೆ. ಯಾರಿಗೆ ಬ್ಯಾನಿ ಎಲ್ಲಿಗೆ ಬಂದಿದೆ, ಯಾರ ಬಿಪಿ ಏರುತ್ತಿದೆ, ಯಾವ ಬಾಣಂತಿಗೆ ಮೂತ್ರ ಆಗಿಲ್ಲ, ಯಾವ ಕೂಸು ಇನ್ನೂ ಮೊಲೆ ಹಿಡಿದಿಲ್ಲ. ಆಮೇಲೆ ಗರ್ಭಿಣಿಯರ ತಪಾಸಣೆ, ತಾಯಿ ಕಾರ್ಡ್ ನೋಡುವುದು, ಕ್ಲಾಸು, ಗೊಂಬೆ ಇಟ್ಟುಕೊಂಡು ಅಭ್ಯಾಸ. ನಡುವೆ ಹೆರಿಗೆ ಬಂತೆಂದರೆ ಕ್ಲಾಸು ಅಲ್ಲಿಗೇ ನಿಲ್ಲುತ್ತೆ.

ಹೆರಿಗೆ ಮಾಡಿಸುವ ಮಾತಿಗೆ ಬರೋಣ. ಮೊದಲು ನೋಡ್ತೀರಿ, ಆಮೇಲೆ ಸಹಾಯ ಮಾಡ್ತೀರಿ, ಆಮೇಲೆ ಹಿರಿಯರು ಪಕ್ಕದಲ್ಲಿದ್ದಾಗ ನಿಮ್ಮ ಕೈಯಿಂದಲೇ. ಅವಸರ ಬೇಡ. ನಮ್ಮ ಕಡೆ ಮನೆಯವರು ಬಾಗಿಲಲ್ಲಿ ನಿಂತು ‘ಬ್ಯಾನಿ ಸೂಜಿ ಹಾಕ್ರಿ, ಲಗೂನ ಆಗ್ಲಿ’ ಅಂತಾರೆ, ಹೊಟ್ಟೆ ಒತ್ತಿ ಅಂತಾನೂ ಹೇಳೋರಿದ್ದಾರೆ. ಎರಡಕ್ಕೂ ಮಣಿಯಬೇಡಿ. ಕಾರಣವಿಲ್ಲದೆ ಬ್ಯಾನಿ ಏರಿಸಿದರೆ ಮಗುವಿಗೆ ಉಸಿರು ಸಾಲದೇ ಹೋಗಬಹುದು, ಗರ್ಭಕೋಶವೇ ಹರಿಯಬಹುದು. ಅತ್ತೆಯನ್ನೋ ಅವ್ವನನ್ನೋ ಒಳಗೆ ಕರೆದು ಸೊಂಟ ನೀವೋಕೆ ಹೇಳಿ, ಬ್ಯಾನಿ ತಿನ್ನುತ್ತಿರುವಾಕೆಯನ್ನು ಓಡಾಡಿಸಿ, ತೊಂದರೆ ಏನೂ ಇಲ್ಲದಿದ್ದರೆ ಮಜ್ಜಿಗೆನೋ ಗಂಜಿನೋ ಕುಡಿಸಿ. ಕಲಬುರಗಿಯ ಮೇ ಬಿಸಿಲಲ್ಲಿ ನೀರಿಲ್ಲದೆ ಯಾರಿಗೆ ಮುಕ್ಕೋ ಶಕ್ತಿ ಇರುತ್ತೆ ಹೇಳಿ. ಲಂಬಾಣಿ ತಾಂಡಾದಿಂದ, ಉರ್ದು ಮಾತಾಡುವ ಮನೆಗಳಿಂದ ಬರುವವರೂ ತುಂಬ ಇದ್ದಾರೆ, ಅವರ ಮಾತಿನಲ್ಲಿ ‘ಉಸಿರು ಬಿಡು’, ‘ಈಗ ಮುಕ್ಕು’ ಅನ್ನೋದನ್ನಾದರೂ ಮೊದಲ ವಾರದಲ್ಲೇ ಕಲಿತುಬಿಡಿ.

ಕೂಸು ಬಂದ ತಕ್ಷಣ ಎಲ್ಲರ ಕಣ್ಣು ಅದರ ಮೇಲೆ. ನಿಮ್ಮ ಕಣ್ಣು ತಾಯಿಯ ಮೇಲೂ ಇರಲಿ. ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲ ಅಂತ ನೋಡಿಕೊಂಡು, ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ (ಗರ್ಭಕೋಶ ಬಿಗಿಯಾಗಿಸಿ ರಕ್ತ ಹೋಗುವುದನ್ನು ತಡೆಯುವ ಔಷಧ) ಸೂಜಿ. ಕೂಸು ಅಮ್ಮನ ಎದೆಯ ಮೇಲೆ. ಹೊಕ್ಕುಳಬಳ್ಳಿ ಕತ್ತರಿಸೋಕೆ ಒಂದರಿಂದ ಮೂರು ನಿಮಿಷ ಕಾಯಿರಿ. ಮಾಸು ಬಿದ್ದ ಮೇಲೆ ಅದು ಪೂರ್ತಿ ಇದೆಯಾ ಅಂತ ತಿರುವಿ ನೋಡಬೇಕು. ಮುಂದಿನ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ, ಗರ್ಭಕೋಶ ಗಟ್ಟಿಯಾಗಿದೆಯಾ, ರಕ್ತ ಎಷ್ಟು ಹೋಗ್ತಿದೆ ಅಂತ ನೋಡಲೇಬೇಕು. 500 ಮಿಲಿಗಿಂತ ಜಾಸ್ತಿ ಹೋದರೆ ಅಪಾಯ ಅಂತ ಪುಸ್ತಕದಲ್ಲಿದೆ. ಆದರೆ ನಮ್ಮ ಭಾಗದಲ್ಲಿ ರಕ್ತ ಕಡಿಮೆ ಇರುವ ಗರ್ಭಿಣಿಯರು ಬಹಳ, ಅವರು ಅದಕ್ಕಿಂತ ಕಡಿಮೆ ಹೋದರೂ ಕುಸಿದುಬಿಡ್ತಾರೆ. ಅನುಮಾನ ಬಂದರೆ ಕಾಯಬೇಡಿ, ಹಿರಿಯರನ್ನು ಕೂಗಿ. ಎಲ್ಲ ಸರಿ ಇರುವ ಹೆರಿಗೆ ನಮ್ಮದು, ದಾರಿ ತಪ್ಪಿದ್ದು ಡಾಕ್ಟರದ್ದು. ದಾರಿ ತಪ್ಪುತ್ತಿದೆ ಅಂತ ಮೊದಲು ಗೊತ್ತಾಗಬೇಕಾದದ್ದು ಮಾತ್ರ ನಿಮಗೇ.

ಇನ್ನು ಅಮ್ಮನ ಭಯ. ರಾತ್ರಿ ಪಾಳಿ ತಪ್ಪಲ್ಲ, ಹೆರಿಗೆಗೆ ಹಗಲು ರಾತ್ರಿ ಇಲ್ಲ ಅಲ್ವಾ? ಆದರೆ ಸೇರುವ ಮುಂಚೆ ಇಷ್ಟು ಕೇಳಿ: ಹಾಸ್ಟೆಲು ಆವರಣದಲ್ಲೇ ಇದೆಯಾ, ರಾತ್ರಿ ನಿಮ್ಮ ಜೊತೆ ಕಲಿಸುವವರು ಇರ್ತಾರಾ, ಪಾಳಿ ಮುಗಿದ ಮೇಲೆ ನಿದ್ದೆಗೆ ಬಿಡ್ತಾರಾ ಇಲ್ಲ ಕ್ಲಾಸಿಗೆ ಕೂರಿಸ್ತಾರಾ. ಅಮ್ಮನನ್ನೂ ಕರೆದುಕೊಂಡು ಹೋಗಿ, ಕೋಣೆ ತೋರಿಸಿ, ಅಲ್ಲಿ ಕಲಿಯುತ್ತಿರುವ ಹುಡುಗಿಯರ ಜೊತೆ ಅವರೇ ಮಾತಾಡಲಿ.