ಹೆದ್ದಾರಿ ಪಕ್ಕದ ಮನೆ, ಮಗನ ಉಬ್ಬಸ

ಪ್ರಶ್ನೆ: ಅಂಕೋಲಾದಲ್ಲಿ ನಮ್ಮ ಮನೆ ಹೆದ್ದಾರಿ 66ಕ್ಕೆ ತಾಗಿಯೇ ಇದೆ. ಏಳು ವರ್ಷದ ಮಗನಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು. ಡಾಕ್ಟರು ಅಸ್ತಮಾ ಎಂದು ದಿನಕ್ಕೆರಡು ಸಲ ಸ್ಟೆರಾಯ್ಡ್ ಇನ್‌ಹೇಲರ್ ಬರೆದಿದ್ದಾರೆ. ಲಾರಿ ಹೊಗೆಯಿಂದ ಹೀಗಾಯಿತಾ? ಶಿರಸಿ ಕಡೆಯ ಅಜ್ಜನ ಮನೆಯಲ್ಲಿಟ್ಟರೆ ಇನ್‌ಹೇಲರ್ ಬಿಡಬಹುದಾ?
– ಒಬ್ಬ ತಾಯಿ

ಉತ್ತರ: ಇಂಥ ಮಗುವಿಗೆ ಇಂಥದ್ದರಿಂದಲೇ ಅಸ್ತಮಾ ಬಂತು ಎಂದು ಬೆರಳಿಟ್ಟು ಹೇಳಲಾಗದು. ಆದರೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ಡೀಸೆಲ್ ಹೊಗೆಯ ಸಣ್ಣ ಕಣಗಳೂ ನೈಟ್ರೋಜನ್ ಡೈಆಕ್ಸೈಡೂ ಶ್ವಾಸನಾಳವನ್ನು ಕೆರಳಿಸುತ್ತವೆ. ನಾಳ ಊದಿ ಬಿಗಿಯುತ್ತದೆ, ಸುಂಯ್ ಎನ್ನುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳ ಹೊಸ ಅಸ್ತಮಾಕ್ಕೆ ಈ ಅನಿಲದ ನಂಟಿದೆ ಎಂದು 2019ರ ಒಂದು ಅಧ್ಯಯನ ಅಂದಾಜಿಸಿತ್ತು. ಇದ್ದ ಅಸ್ತಮಾವನ್ನು ಹೊಗೆ ಕೆದಕುತ್ತದೆ ಎಂಬುದರಲ್ಲಂತೂ ಅನುಮಾನವಿಲ್ಲ.

ದೊಡ್ಡ ರಸ್ತೆಯ ಹೊಗೆಯ ಕಾಟ ಜಾಸ್ತಿ ಇರುವುದು 300–500 ಮೀಟರ್ ಒಳಗೆ. ಅರಬೈಲ್ ಘಾಟಿ ಇಳಿದ ಲಾರಿಗಳೂ ನಿಮ್ಮೂರಲ್ಲೇ ಬಂದು ಸೇರುತ್ತವೆ, ಅಲ್ವಾ? ಹಾಗಾದರೆ ಮನೆ ಹೆದ್ದಾರಿಯ ಯಾವ ಮಗ್ಗುಲಲ್ಲಿದೆ ನೋಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಕಡಲ ಗಾಳಿ ಗುಡ್ಡದ ಕಡೆ ಬೀಸುತ್ತದೆ, ರಾತ್ರಿ ತಿರುಗುತ್ತದೆ. ಮನೆ ಪೂರ್ವಕ್ಕಿದ್ದರೆ ಹಗಲಲ್ಲಿ ಹೊಗೆ ಒಳಗೆ, ಪಶ್ಚಿಮಕ್ಕಿದ್ದರೆ ರಾತ್ರಿ. ಆ ಹೊತ್ತಿಗೆ ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಿಂದಿನದನ್ನು ತೆರೆಯಿರಿ. ಮಗ ಹಿಂದಿನ ಕೋಣೆಯಲ್ಲಿ ಮಲಗಲಿ. ಶಾಲೆ ಬಸ್ಸಿಗೆ ಕಾಯುವಾಗ ರಸ್ತೆ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ. ಅವನ ಮೂಗು ಇರುವುದು ಸೈಲೆನ್ಸರಿನ ಹೊಗೆಗೆ ನಮ್ಮ ಮೂಗಿಗಿಂತ ಹತ್ತಿರ.

ಇನ್ನು ಅಜ್ಜನ ಮನೆ. ಶಿರಸಿ ಕಡೆ ಲಾರಿ ಕಡಿಮೆ ಇರಬಹುದು, ಆದರೆ ಬಚ್ಚಲ ಒಲೆ ಇರುತ್ತದಲ್ಲ! ಹಂಡೆ ನೀರು ಕಾಯುವಾಗ ಮೊಮ್ಮಗ ಒಲೆ ಮುಂದೆ ಕೂತು ಸೌದೆ ತುರುಕುತ್ತಾ ಇದ್ದರೆ ಹೆದ್ದಾರಿಯೇ ವಾಸಿ. ಅಡಿಕೆ ಬೇಯಿಸುವ ಹೊಗೆ, ಮಳೆಗಾಲದ ಬೂಷ್ಟು, ಕಂಬಳಿಯ ಧೂಳಿನ ಹುಳ ಕೂಡ ಉಬ್ಬಸ ಎಬ್ಬಿಸುತ್ತವೆ. ರಜೆಗೆ ಹೋಗಿ ಬರಲಿ, ಔಷಧಿ ಜೊತೆಗಿರಲಿ.

ಇನ್‌ಹೇಲರ್ ಮಾತ್ರ ನೀವಾಗಿ ಬಿಡಬೇಡಿ. ಅದು ಊತವನ್ನು ದಿನದಿನವೂ ಇಳಿಸುವ ಔಷಧಿ. ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿ, ಚಟವಾಗುವುದಿಲ್ಲ. ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಇಲ್ಲದೆ ಕೊಟ್ಟರೆ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಕೊಟ್ಟ ಮೇಲೆ ಮಗ ಬಾಯಿ ಮುಕ್ಕಳಿಸಲಿ. ಎಷ್ಟು ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಲಿ.

ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದರೆ, ಮಾತು ತುಂಡಾದರೆ, ತಕ್ಷಣಕ್ಕೆಂದು ಕೊಟ್ಟ ಇನ್‌ಹೇಲರಿಗೂ ಜಗ್ಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.